ಒಂದು ತಲೆಗೆ ಮೂರು ಸ್ಕ್ಯಾನ್ ಯಾಕೆ?

ನಮ್ಮ ದೊಡ್ಡಪ್ಪನಿಗೆ ಮೆದುಳಿನಲ್ಲಿ ಗಡ್ಡೆ ಇದೆ ಎಂದು ಸಿ.ಟಿ. ಸ್ಕ್ಯಾನ್‌ನಲ್ಲಿ ಗೊತ್ತಾಯಿತು. ಆಮೇಲೆ ಎಂ.ಆರ್.ಐ. ಮಾಡಿಸಿ ಎಂದರು. ಅದಾದ ಮೇಲೆ ಬಯಾಪ್ಸಿ ದಿನ ಮತ್ತೆ ಸಿ.ಟಿ. ಅಂದರು. "ಒಂದ್ಸಲ ತೆಗೆದ ಮೇಲೆ ಮತ್ತೆ ಮತ್ತೆ ಯಾಕೆ? ದುಡ್ಡು ಕೀಳೋಕೆ ಅಷ್ಟೆ" ಅಂತ ಊರಿನವರು ಮಾತಾಡಿದರು. ನಾನೂ ಹಾಗೇ ಅಂದುಕೊಂಡಿದ್ದೆ. ವಿಜ್ಞಾನದ ಮೇಷ್ಟ್ರನ್ನು ಕೇಳಿ ತಿಳಿದುಕೊಂಡದ್ದನ್ನು ಬರೆದಿದ್ದೇನೆ.

ಗಡ್ಡೆ ಯಾವ ಜಾತಿಯದು ಎಂದು ತಿಳಿಯಲು ಅದರ ಸಣ್ಣ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದೇ ಬಯಾಪ್ಸಿ. ಆದರೆ ಒಂದೇ ಗಡ್ಡೆ ಎಲ್ಲಾ ಕಡೆ ಒಂದೇ ತರಹ ಇರುವುದಿಲ್ಲ. ಕಾಫಿ ಗಿಡದಲ್ಲಿ ಹಣ್ಣೂ ಇರುತ್ತೆ, ಕಾಯಿಯೂ ಇರುತ್ತೆ. ಬರೀ ಕಾಯಿ ಕಿತ್ತು ತಂದರೆ ಗಿಡದಲ್ಲಿ ಹಣ್ಣೇ ಇಲ್ಲ ಅನ್ನಬೇಕಾಗುತ್ತೆ. ಹಾಗೆಯೇ ಸೂಜಿ ತಪ್ಪು ಜಾಗಕ್ಕೆ ಹೋದರೆ ಜೋರಾದ ಗಡ್ಡೆಯನ್ನು ಸಾಧು ಎಂದು ತಿಳಿದು ತಪ್ಪು ಔಷಧಿ ಕೊಡಬಹುದು. ದಾರಿಯಲ್ಲಿ ರಕ್ತನಾಳ ಸಿಕ್ಕರೆ ಮೆದುಳಿನೊಳಗೆ ರಕ್ತ ಸೋರುತ್ತದೆ.

ಸಿ.ಟಿ.ಯನ್ನು ರೋಗಿಗೆ ಮೊದಲು ಮಾಡಿದ್ದು 1971ರಲ್ಲಿ, ಲಂಡನ್ನಿನಲ್ಲಿ. ಇದು ಎಕ್ಸ್‌ರೇಯಿಂದ ನಡೆಯುತ್ತದೆ. ಮೂಳೆ ಚೆನ್ನಾಗಿ ಕಾಣುತ್ತದೆ, ಅಳತೆ ಸರಿಯಾಗಿರುತ್ತದೆ. ಎಂ.ಆರ್.ಐ. ದೊಡ್ಡ ಅಯಸ್ಕಾಂತ. ಅದರಲ್ಲಿ ಮೆದುಳಿನ ಮೆತ್ತನೆ ಭಾಗ, ಗಡ್ಡೆಯ ಅಂಚು, ರಕ್ತನಾಳ ಕಾಣುತ್ತವೆ, ಆದರೆ ಚಿತ್ರ ಕೆಲವು ಕಡೆ ಸ್ವಲ್ಪ ಸೊಟ್ಟಗಾಗಬಹುದು. ಮೂರನೆಯದು ಪೆಟ್, ಎಲ್ಲರಿಗೂ ಮಾಡುವುದಿಲ್ಲ. ವಿಕಿರಣ ಸೂಸುವ ಸಕ್ಕರೆಯನ್ನು ಇಂಜೆಕ್ಷನ್ ಕೊಟ್ಟರೆ ಗಡ್ಡೆ ಅದನ್ನು ತಿಂದು ಹೊಳೆಯುತ್ತದೆ. ತಮಾಷೆ ಏನೆಂದರೆ ನಮ್ಮ ಮೆದುಳೂ ಸಕ್ಕರೆ ತಿನ್ನುವುದರಲ್ಲಿ ಕಡಿಮೆ ಇಲ್ಲ, ಎಲ್ಲಾ ಕಡೆ ಹೊಳೆದುಬಿಡುತ್ತೆ! ಅದಕ್ಕೇ ಮೆದುಳಿಗೆ ಮೆಥಿಯೋನಿನ್ ಎಂಬ ಪ್ರೋಟೀನಿನ ಅಂಶವನ್ನೂ ಬಳಸುತ್ತಾರೆ. ಗಡ್ಡೆಯ ಜೋರಾದ ಭಾಗ ಅದರಲ್ಲಿ ಬೇರೆಯಾಗಿ ಕಾಣುತ್ತದೆ.

ಇವನ್ನು ಸೇರಿಸುವುದು ಹೇಗೆ? ನಾನು ಮನೆಯಲ್ಲಿ ಮಾಡಿ ನೋಡಿದೆ. ಒಂದು ಟ್ರೇಸಿಂಗ್ ಪೇಪರಿನಲ್ಲಿ ಸಕಲೇಶಪುರ ಆಲೂರಿನ ಹೊಳೆಗಳನ್ನು ಬರೆದೆ, ಇನ್ನೊಂದರಲ್ಲಿ ರಸ್ತೆಗಳನ್ನು. ಹೇಮಾವತಿ ಸೇತುವೆ ಎರಡರಲ್ಲೂ ಇದೆ. ಅದನ್ನೂ ಇನ್ನೆರಡು ಸೇತುವೆಗಳನ್ನೂ ಒಂದರ ಮೇಲೊಂದು ಕೂರಿಸಿ ಕಿಟಕಿಗೆ ಹಿಡಿದರೆ ಒಂದೇ ನಕ್ಷೆ. ಒಂದೇ ಸೇತುವೆ ಕೂರಿಸಿದರೆ ಹಾಳೆ ತಿರುಗಿಬಿಡುತ್ತೆ, ಸಾಲದು.

ಆಸ್ಪತ್ರೆಯಲ್ಲಿ ಈ ಕೆಲಸ ಕಂಪ್ಯೂಟರ್ ಮಾಡುತ್ತದೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಲುಗಾಡದ ಹಾಗೆ ತಲೆಗೆ ಚೌಕಟ್ಟು ಬಿಗಿಯುತ್ತಾರೆ. ಅದರ ಸಮೇತ ಸಿ.ಟಿ. ತೆಗೆಯುತ್ತಾರೆ. ದೊಡ್ಡಪ್ಪನ ಎರಡನೇ ಸಿ.ಟಿ. ಇದೇ! ಅದರ ಮೇಲೆ ಹಳೆಯ ಎಂ.ಆರ್.ಐ.ಯನ್ನು ಕೂರಿಸಿದರೆ ಎಷ್ಟು ಬಲಕ್ಕೆ, ಎಷ್ಟು ಮುಂದಕ್ಕೆ, ಎಷ್ಟು ಆಳಕ್ಕೆ ಎಂದು ಮೂರು ಸಂಖ್ಯೆ ಸಿಗುತ್ತವೆ, ಮಿಲಿಮೀಟರಿನಲ್ಲಿ. ಬುರುಡೆಗೆ ಸಣ್ಣ ತೂತು ಮಾಡಿ ಸೂಜಿ ಇಳಿಸುತ್ತಾರೆ. ಮೆದುಳಿಗೆ ನೋವೇ ಗೊತ್ತಾಗುವುದಿಲ್ಲವಂತೆ, ಇದನ್ನು ಕೇಳಿ ದೊಡ್ಡಮ್ಮನಿಗೆ ಸಮಾಧಾನವಾಯಿತು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಬಯಾಪ್ಸಿ ಮಾಡುತ್ತಾರೆ. 1974ರಲ್ಲಿ ಆದ ಈ ಸಂಸ್ಥೆಯನ್ನು ನಮ್ಮ ಕಡೆ ಕೆಲವರು ಬರೀ ಹುಚ್ಚಾಸ್ಪತ್ರೆ ಅನ್ನುತ್ತಾರೆ, ಅದು ತಪ್ಪು. ಅಲ್ಲಿ ಮೆದುಳಿನ ಆಪರೇಷನ್ನೂ ಆಗುತ್ತದೆ.

ಚೂರು ಪರೀಕ್ಷೆಯಾಗಿ ವರದಿ ಬರಲು ಕೆಲವು ದಿನ ಹಿಡಿಯುತ್ತದೆ. ದೊಡ್ಡಪ್ಪನದು ಇನ್ನೂ ಬಂದಿಲ್ಲ.