ಸ್ವಿಚ್ಚಿನ ಕಾಲಮಿತಿ: ವ್ಯಾಪಾರಸ್ಥರು ತಿಳಿದಿರಬೇಕಾದ ಅಂಶಗಳು

ಲೆಕ್ಕಪರಿಶೋಧನೆಗೂ ಕಂಪ್ಯೂಟರ್ ಜಾಲದ ಉಪಕರಣಗಳಿಗೂ ಏನು ಸಂಬಂಧವೆಂದು ಸದಸ್ಯ ಬಾಂಧವರು ಕೇಳಬಹುದು. ಕಕ್ಷಿದಾರರೊಬ್ಬರ ವೆಚ್ಚದ ಖಾತೆಯನ್ನು ಪರಿಶೀಲಿಸುವಾಗ, ಮೀಸಲು ಇಂಟರ್‌ನೆಟ್ ಸಂಪರ್ಕದ ಬಿಲ್ಲು ಎರಡು ತಿಂಗಳಿನಿಂದ ಹಲವು ಪಟ್ಟು ಏರಿರುವುದು ನನ್ನ ಗಮನಕ್ಕೆ ಬಂದಿತು. ಅವರ ಕಚೇರಿಗೂ ಗೋದಾಮಿಗೂ ನಡುವೆ ಎರಡು ಮಾರ್ಗಗಳಿವೆ. ಒಂದು, ನಿಗದಿತ ಮಾಸಿಕ ಬಾಡಿಗೆಯ ಫೈಬರ್. ಇನ್ನೊಂದು, ಅದು ಕೆಟ್ಟಾಗ ಮಾತ್ರ ಬಳಕೆಯಾಗಬೇಕಾದ, ಬಳಕೆಗೆ ತಕ್ಕಂತೆ ಶುಲ್ಕ ತೆರಬೇಕಾದ ಮೊಬೈಲ್ ಸಂಪರ್ಕ. ಫೈಬರ್ ಸುಸ್ಥಿತಿಯಲ್ಲಿಯೇ ಇದ್ದಿತು. ಆದರೂ ವ್ಯವಹಾರವೆಲ್ಲವೂ ಮೊಬೈಲ್ ಮಾರ್ಗದಲ್ಲಿ ಸಾಗುತ್ತಿದ್ದಿತು!

ಎರಡೂ ಕಡೆ ಇರುವ ಲೇಯರ್-3 ಸ್ವಿಚ್ಚುಗಳು ದತ್ತಾಂಶವು ಯಾವ ಮಾರ್ಗವಾಗಿ ಹೋಗಬೇಕೆಂಬುದನ್ನು ತಾವೇ ನಿರ್ಧರಿಸುತ್ತವೆ. ಇದಕ್ಕಾಗಿ ಓ.ಎಸ್.ಪಿ.ಎಫ್. ಎಂಬ ನಿಯಮಾವಳಿಯನ್ನು ಅನುಸರಿಸುವ ಸ್ವಿಚ್ಚುಗಳು ಈಥರ್‌ನೆಟ್ ಸಂಪರ್ಕದಲ್ಲಿ ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ‘ಹೆಲೋ’ ಸಂದೇಶವನ್ನು ಕಳುಹಿಸುತ್ತವೆ. 40 ಸೆಕೆಂಡು ಕಾದರೂ ಆಚೆಯಿಂದ ಒಂದು ಸಂದೇಶವೂ ಬಾರದಿದ್ದರೆ ಆ ಮಾರ್ಗವನ್ನು ಕೈಬಿಡುತ್ತವೆ. ಮೊದಲನೆಯದು ಹೆಲೋ ಅವಧಿ, ಎರಡನೆಯದು ಡೆಡ್ ಅವಧಿ. ಹಳೆಯ ರಿಪ್ ನಿಯಮಾವಳಿಯಲ್ಲಾದರೆ ಕಾಯುವ ಅವಧಿ 180 ಸೆಕೆಂಡು.

ಸ್ವಿಚ್ಚಿನ ಬಳಿಯೇ ತಂತಿ ತುಂಡಾದರೆ ಪೋರ್ಟಿನ ದೀಪ ಆರಿ, ಸಂಗತಿ ಕೂಡಲೇ ತಿಳಿಯುತ್ತದೆ. ಆದರೆ ರಸ್ತೆ ಅಗೆಯುವವರು ಕೇಬಲ್ ಕಡಿಯುವುದು ಸಾಮಾನ್ಯವಾಗಿ ಊರಾಚೆ, ಸೇವಾದಾರರ ಜಾಲದ ನಡುವೆ. ಆಗ ನಮ್ಮ ದೀಪವು ಉರಿಯುತ್ತಲೇ ಇರುತ್ತದೆ. ಡೆಡ್ ಅವಧಿ ಮುಗಿಯುವವರೆಗೆ ಕಳುಹಿಸಿದ್ದೆಲ್ಲವೂ ವ್ಯರ್ಥ. ಇನ್‌ವಾಯ್ಸ್ ದಾಖಲಾಯಿತೋ ಇಲ್ಲವೋ ಎಂದು ತಿಳಿಯದೆ ಗುಮಾಸ್ತರು ಅದನ್ನೇ ಮತ್ತೊಮ್ಮೆ ನಮೂದಿಸಿರುವ ಪ್ರಸಂಗಗಳನ್ನು ನಾನು ಕಂಡಿದ್ದೇನೆ.

ಈ ಕಾಯುವ ಕಾಲವನ್ನು ತಗ್ಗಿಸಲೆಂದು ನಮ್ಮ ಕಕ್ಷಿದಾರರ ತಂತ್ರಜ್ಞರು ಫೈಬರ್ ಮಾರ್ಗದ ಹೆಲೋ ಅವಧಿಯನ್ನು 5ಕ್ಕೂ ಡೆಡ್ ಅವಧಿಯನ್ನು 20ಕ್ಕೂ ಇಳಿಸಿದ್ದರು. ಉದ್ದೇಶ ಸರಿಯೇ, ಆದರೆ ಇಳಿಸಿದ್ದು ಕಚೇರಿಯ ಸ್ವಿಚ್ಚಿನಲ್ಲಿ ಮಾತ್ರ. ಓ.ಎಸ್.ಪಿ.ಎಫ್.ನಲ್ಲಿ ಎರಡೂ ತುದಿಗಳ ಅಂಕಿಗಳು ಒಂದೇ ಆಗಿರದಿದ್ದರೆ ಸ್ವಿಚ್ಚುಗಳ ನಡುವೆ ಸಂಬಂಧವೇ ಏರ್ಪಡುವುದಿಲ್ಲ. ಮೀಸಲು ಮಾರ್ಗವು ಕೆಲಸವನ್ನು ನಿಭಾಯಿಸುತ್ತಿದ್ದುದರಿಂದ ಲೋಪ ಯಾರಿಗೂ ತಿಳಿಯಲಿಲ್ಲ. ಅದೂ ಕೆಟ್ಟಿದ್ದರೆ ಇ-ವೇ ಬಿಲ್ ಇಲ್ಲದೆ ಲಾರಿಗಳು ಗೋದಾಮಿನ ಬಾಗಿಲಲ್ಲೇ ನಿಲ್ಲಬೇಕಾಗುತ್ತಿದ್ದಿತು.

ಆದ್ದರಿಂದ ಇಂತಹ ಬದಲಾವಣೆಯನ್ನು ವಹಿವಾಟಿನ ವೇಳೆಯ ನಂತರ, ಮೊದಲು ದೂರದ ತುದಿಯಲ್ಲಿ, ಬಳಿಕ ಕಚೇರಿಯಲ್ಲಿ ಮಾಡಿಸತಕ್ಕದ್ದು. ಸಿಸ್ಕೋ ಉಪಕರಣದಲ್ಲಿ ಹೆಲೋ ಅವಧಿಯನ್ನಷ್ಟೇ ಬದಲಿಸಿದರೆ ಡೆಡ್ ಅವಧಿ ತಾನಾಗಿ ಅದರ ನಾಲ್ಕು ಪಟ್ಟಾಗುತ್ತದೆ. ಎಲ್ಲ ತಯಾರಿಕೆಗಳಲ್ಲೂ ಹೀಗೆಯೇ ಆಗುವುದೆಂದು ನಂಬದೆ ಎರಡನ್ನೂ ನಮೂದಿಸುವುದು ಕ್ಷೇಮ. ‘ಶೋ ಐಪಿ ಓಎಸ್‌ಪಿಎಫ್ ನೇಬರ್’ ಎಂಬ ಆದೇಶಕ್ಕೆ ಪ್ರತಿಯೊಂದು ಮಾರ್ಗದ ಎದುರಿಗೂ ‘ಫುಲ್’ ಎಂದು ಬರುವುದನ್ನು ಮಾಲೀಕರೇ ನಿಂತು ನೋಡಬಹುದು. ಬದಲಾವಣೆಯನ್ನು ಉಳಿಸುವ ‘ರೈಟ್ ಮೆಮೊರಿ’ ಆದೇಶವನ್ನು ಮರೆತರೆ, ವಿದ್ಯುತ್ ಹೋಗಿ ಬಂದೊಡನೆ ಒಂದು ತುದಿ ಹಳೆಯ ಅಂಕಿಗೆ ಮರಳುತ್ತದೆ. ಮತ್ತೆ ಅದೇ ತೊಂದರೆ.

ಅವಧಿಯನ್ನು ತೀರಾ ಇಳಿಸುವುದೂ ತರವಲ್ಲ. ದಟ್ಟಣೆಯ ವೇಳೆ ಎರಡು-ಮೂರು ಹೆಲೋಗಳು ತಪ್ಪಿದರೂ ಮಾರ್ಗವು ಪದೇ ಪದೇ ಬದಲಾಗತೊಡಗುತ್ತದೆ. ಒಂದು ಸೆಕೆಂಡಿನೊಳಗೆ ತಿಳಿಯಲೇಬೇಕಾದರೆ, ಎರಡೂ ಸ್ವಿಚ್ಚುಗಳಲ್ಲಿ ಸೌಲಭ್ಯವಿರುವಲ್ಲಿ, ಬಿ.ಎಫ್.ಡಿ. ಎಂಬ ಬೇರೆ ವಿಧಾನವಿದೆ. ಬಿಲ್ಲಿಂಗ್ ಕೆಲಸಕ್ಕೆ 5 ಮತ್ತು 20 ಸಾಕೆಂಬುದು ನನ್ನ ಅಭಿಪ್ರಾಯ.

ನಮ್ಮ ಕಕ್ಷಿದಾರರು ಗೋದಾಮಿನ ಸ್ವಿಚ್ಚಿನಲ್ಲೂ ಅವೇ ಅಂಕಿಗಳನ್ನು ಹಾಕಿಸಿದರು. ಮರುತಿಂಗಳು ಮೊಬೈಲ್ ಬಿಲ್ಲು ಹಿಂದಿನ ಮಟ್ಟಕ್ಕೆ ಇಳಿಯಿತು.