ತುಂಗಭದ್ರೆ ತುಂಬಿದರೂ ಎರಡನೇ ಬೆಳೆಗೆ ಲೆಕ್ಕ ಬೇಕು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ಭರ್ತಿಯಾಗಿತ್ತು, ಕಾಲುವೆಗಳ ಕೆಳಗೆ ಭತ್ತದ ನಾಟಿ ನಡೆದಿತ್ತು. ಬೇರೆ ಗೇಟುಗಳನ್ನೂ ಎತ್ತಿ ನೀರನ್ನು ನದಿಗೆ ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ, ಕೊಚ್ಚಿಹೋದ ಗೇಟಿನ ಜಾಗಕ್ಕೆ ತಾತ್ಕಾಲಿಕ ತಡೆಯಾಗಿ ಸ್ಟಾಪ್‌ಲಾಗ್ ಇಳಿಸಲಾಯಿತು. ಆ ವರ್ಷ ಮಳೆ ಮತ್ತೆ ಕೈಹಿಡಿದು ಜಲಾಶಯ ತುಂಬಿತು. ಮರುವರ್ಷ ಸುರಕ್ಷತೆಗಾಗಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿದರು. ಗೇಟುಗಳನ್ನು ಬದಲಿಸಬೇಕಿದ್ದುದರಿಂದ ಎರಡನೇ ಬೆಳೆಗೆ ನೀರು ಸಿಗಲಿಲ್ಲ.

ಆದರೆ ಗೇಟುಗಳೆಲ್ಲ ಹೊಸದಾದರೂ ಹಳೆಯ ಕಾಲದಷ್ಟು ನೀರು ನಿಲ್ಲುವುದಿಲ್ಲ. 1953ರ ಹೊತ್ತಿಗೆ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಹೂಳಿನಿಂದಾಗಿ ಸುಮಾರು 105 ಟಿಎಂಸಿ ಮಾತ್ರ ಹಿಡಿಯುತ್ತದೆ. ಜಲಾಶಯ ತುಂಬಿದ್ದಾಗ ಮಲೆನಾಡಿನಲ್ಲಿ ಜೋರು ಮಳೆಯಾದರೆ ಬಂದಷ್ಟನ್ನೂ ನದಿಗೆ ಬಿಡುವುದು ಅನಿವಾರ್ಯ. ಆಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುತ್ತದೆ, ಹಂಪಿಯ ಪುರಂದರ ಮಂಟಪ ನೀರಲ್ಲಿ ನಿಲ್ಲುತ್ತದೆ. ನದಿದಂಡೆಯ ರೈತರು ಹೊರಹರಿವಿನ ಪ್ರಕಟಣೆ ಕಿವಿಗೆ ಬಿದ್ದ ಕೂಡಲೇ ಪಂಪ್‌ಸೆಟ್ ಮೇಲಕ್ಕೆ ಸಾಗಿಸಬೇಕು. ಆಗಸ್ಟ್‌ನ ಈ ಹೊಳೆ ನೋಡಿ ಫೆಬ್ರುವರಿಯ ಭತ್ತಕ್ಕೆ ನೀರಿದೆ ಎಂದುಕೊಳ್ಳುವುದು ತಪ್ಪು. ಹರಿದುಹೋದ ನೀರು ಬೇಸಿಗೆಗೆ ಉಳಿಯುವುದಿಲ್ಲ.

ಯೋಜನೆ ರೂಪಿಸಿದಾಗ ಹೆಚ್ಚಿನ ಜಮೀನಿಗೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳನ್ನೇ ಗೊತ್ತುಮಾಡಿದ್ದರು. ಆದರೆ ಕಾಲುವೆಯ ಮೇಲ್ಭಾಗ ಭತ್ತಕ್ಕೆ ಒಗ್ಗಿಕೊಂಡಿತು. ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆಭಾಗದ ರೈತರು ಪ್ರತಿವರ್ಷ ನೀರಿಗಾಗಿ ಹೋರಾಡುತ್ತಿದ್ದಾರೆ. ಇತ್ತ ಮೇಲ್ಭಾಗದಲ್ಲೇ ಎಷ್ಟೋ ಹೊಲಗಳು ಸವಳಾಗಿವೆ. ಒಬ್ಬರಿಗೆ ನೀರಿಲ್ಲ, ಇನ್ನೊಬ್ಬರ ಭೂಮಿ ನೀರಿನಿಂದಲೇ ಕೆಟ್ಟಿದೆ. ಇದು ನ್ಯಾಯವೂ ಅಲ್ಲ, ಲಾಭವೂ ಅಲ್ಲ.

ಭತ್ತ ಬಿಡಲಾಗದವರಿಗೂ ದಾರಿಯಿದೆ. ಜೂನ್ ಮಳೆಯ ಹದಕ್ಕೆ ಕೂರಿಗೆಯಿಂದ ನೇರ ಬಿತ್ತನೆ ಮಾಡಿದರೆ ಸಸಿಮಡಿ, ರೊಳ್ಳೆ, ನಾಟಿಯ ಕೂಲಿ ಮೂರೂ ಉಳಿಯುತ್ತವೆ. ಕಾಲುವೆಗೆ ನೀರು ಬರುವವರೆಗೆ ಕಾಯಬೇಕಿಲ್ಲ. ಕಳೆ ಮಾತ್ರ ಹೆಚ್ಚು, ಆದ್ದರಿಂದ ಬಿತ್ತಿದ ಎರಡು ದಿನದೊಳಗೆ ಹಸಿ ಇರುವಾಗಲೇ ಪೆಂಡಿಮೆಥಾಲಿನ್ ಸಿಂಪಡಿಸಬೇಕು. ಎಳೆ ಎಲೆ ಹಳದಿಯಾದರೆ ಅದು ಸಾಮಾನ್ಯವಾಗಿ ಕಬ್ಬಿಣದ ಕೊರತೆ, ಯೂರಿಯಾ ಸುರಿದರೆ ಪ್ರಯೋಜನವಿಲ್ಲ.

ನಾಟಿ ಗದ್ದೆಯಲ್ಲೂ ಸದಾ ನೀರು ನಿಲ್ಲಿಸಬೇಕಿಲ್ಲ. ಒಂದು ಅಡಿ ಉದ್ದದ ಪಿವಿಸಿ ಪೈಪಿನ ಕೆಳಭಾಗಕ್ಕೆ ಸುತ್ತ ತೂತು ಕೊರೆದು ಬದುವಿನ ಪಕ್ಕ ಹೂಳಿ, ಒಳಗಿನ ಮಣ್ಣು ತೆಗೆದರೆ ಸಾಕು. ಗದ್ದೆಯ ನೀರು ಇಂಗಿದ ಮೇಲೆ ದಿನವೂ ಪೈಪಿನೊಳಗೆ ನೋಡಬೇಕು. ನೀರು ನೆಲಮಟ್ಟಕ್ಕಿಂತ 15 ಸೆಂ.ಮೀ. ಕೆಳಗಿಳಿದಾಗಲಷ್ಟೇ ಮತ್ತೆ ಹಾಯಿಸಬೇಕು. ಹೂಬಿಡುವ ಹೊತ್ತಿನಲ್ಲಿ ಮಾತ್ರ ತೆಳುವಾಗಿ ನೀರು ನಿಂತಿರಲಿ.

ಸವಳು ಕಾಣಿಸಿದ ಹೊಲಕ್ಕೆ ಮೊದಲು ಮಣ್ಣು ಪರೀಕ್ಷೆ, ಆಮೇಲೆ ಬಸಿಗಾಲುವೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು ಭೂಮಿಯ ಬಗ್ಗೆ ಬಹಳ ಕಾಲದಿಂದ ಕೆಲಸ ಮಾಡುತ್ತಿದೆ. ಸವಳು ತಡೆಯುವ ‘ಗಂಗಾವತಿ ಸೋನಾ’ ತಳಿಯೂ ಅಲ್ಲಿಯದೇ.

ಎರಡನೇ ಬೆಳೆಗೆ ಬೀಜ ಕೊಳ್ಳುವ ಮುನ್ನ ನೀರಾವರಿ ಸಲಹಾ ಸಮಿತಿಯ ತೀರ್ಮಾನಕ್ಕಾಗಿ ಕಾಯಿರಿ. ನಿಮ್ಮ ತೂಬಿಗೆ ಎಂದಿನವರೆಗೆ ನೀರು ಬರುತ್ತದೆಂದು ನೀರು ಬಳಕೆದಾರರ ಸಂಘದಲ್ಲಿ ಕೇಳಿ ತಿಳಿದುಕೊಂಡ ಮೇಲೆಯೇ ಸಸಿಮಡಿಗೆ ಬೀಜ ಹಾಕಿ.