ಮಾಗಿಯಲ್ಲಿ ಬೇಕಲವನ್ನು ನಡೆದೇ ನೋಡಿ

ಡಿಸೆಂಬರ್, ಜನವರಿಯಲ್ಲಿ ಕಾಸರಗೋಡಿನ ಕಡೆ ಬರುವವರೇ, ಬೇಕಲವನ್ನು ಕಾರಿನ ಕಿಟಕಿಯಿಂದ ನೋಡಿ ಹೊರಟುಬಿಡಬೇಡಿ. ನಮ್ಮ ಕರಾವಳಿಯಲ್ಲಿ ಚಳಿಯೆಂಬುದು ಬೆಳಗಿನ ಪಾಲು. 10 ಗಂಟೆಯ ಮೇಲೆ ಬಿಸಿಲು ಸುಡುತ್ತದೆ. ಬೆಳಕು ಹರಿಯುತ್ತಲೇ ಕಡಲತೀರಕ್ಕೆ ಇಳಿಯಿರಿ. ನೀರು ಇಳಿದ ಹೊತ್ತಾದರೆ ಒದ್ದೆ ಮರಳು ಗಟ್ಟಿ, ಕಾಲು ಹೂತುಹೋಗುವುದಿಲ್ಲ. ಬಾಗಿಲು ತೆರೆದೊಡನೆ ಬೇಕಲ ಕೋಟೆಗೆ ಹೋಗಿ. 17ನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕ ಕಟ್ಟಿಸಿದ ಇದು ಸುಮಾರು 40 ಎಕರೆಯಷ್ಟಿದೆ, ಒಳಗೆ ನೆರಳು ಕಡಿಮೆ. ಟೋಪಿ, ನೀರು ಜೊತೆಗಿರಲಿ. ಕೆಂಪು ಮುರಕಲ್ಲಿನ ಗೋಡೆಯ ಗುಂಟ ನಿಧಾನ ನಡೆದರೆ ತೆರೆಗಳು ಬುಡಕ್ಕೇ ಬಂದು ಬಡಿಯುವುದು ಕಾಣುತ್ತದೆ. ಎಷ್ಟು ನೋಡಿದರೂ ನನಗಂತೂ ಸಾಕೆನಿಸಿಲ್ಲ. ಸೆಲ್ಫಿಗಾಗಿ ಗೋಡೆ ಹತ್ತಬೇಡಿ, ಕಲ್ಲಿನ ಮೇಲೆ ಹೆಸರು ಕೆತ್ತಬೇಡಿ. ಜೊತೆಗಿರುವ ಮಕ್ಕಳಿಗೆ ಕೆಳದಿಯ ಕತೆಯನ್ನು ಅಲ್ಲಿಯೇ, ಕೋಟೆಯ ಬುರುಜಿನ ಮೇಲೆಯೇ ಹೇಳಿ.